ಹೊಳೆದಂಡೆಯ ಮೊಟ್ಟೆಪೆಟ್ಟಿಗೆ: ಸಾಲ್ಮನ್ನಿನಿಂದ ತುಂಗೆಯ ಮಹಶೀರಿಗೆ

ಎಲ್ಲರಿಗೂ ನಮಸ್ಕಾರ.

ಸಾಲ್ಮನ್, ಟ್ರೌಟ್ ಎರಡೂ ತಣ್ಣೀರಿನ ಮೀನುಗಳು, ನಮ್ಮ ಹೊಳೆಯವಲ್ಲ. ಆದರೂ ತೀರ್ಥಹಳ್ಳಿಯಲ್ಲಿ ಅವುಗಳ ಮಾತೆತ್ತಲು ಕಾರಣವಿದೆ: ಅವುಗಳ ಮೊಟ್ಟೆ ಉಳಿಸಲು ಹೊಳೆದಂಡೆಯಲ್ಲಿಡುವ ಪೆಟ್ಟಿಗೆಯನ್ನು ನಮ್ಮ ತುಂಗೆಯ ಮಹಶೀರ್ ಮೀನಿಗೂ ಹೊಂದಿಸಿಕೊಳ್ಳಬಹುದು. ಹೆಣ್ಣು ಸಾಲ್ಮನ್ ಬಾಲದಿಂದ ಹೊಳೆತಳದ ಕಲ್ಲು ಕೆದಕಿ, ಗುಂಡಿಯಲ್ಲಿ ಮೊಟ್ಟೆಯಿಟ್ಟು, ಮೇಲೆ ಮತ್ತೆ ಕಲ್ಲು ಮುಚ್ಚುತ್ತದೆ. ಕಲ್ಲಿನ ಸಂದಿಯಲ್ಲಿ ನೀರು ಓಡುತ್ತಿದ್ದರೆ ಮೊಟ್ಟೆಗೆ ಉಸಿರು. ದಂಡೆಯ ಕಾಡು ಕಡಿದು, ಗುಡ್ಡ ಅಗೆದು, ಗೋಡುಮಣ್ಣು ಬಂದು ಸಂದಿ ತುಂಬಿತೋ, ಮೊಟ್ಟೆ ಅಲ್ಲೇ ಉಸಿರುಗಟ್ಟುತ್ತದೆ. ಆ ಒಂದು ಹಂತವನ್ನಷ್ಟೇ ದಂಡೆಗೆ ಎತ್ತಿಟ್ಟುಕೊಳ್ಳುವ ಉಪಾಯ ಈ ಪೆಟ್ಟಿಗೆ. ಅಮೆರಿಕ, ಕೆನಡಾದ ಪಶ್ಚಿಮ ಕರಾವಳಿಯ ತೊರೆಗಳಲ್ಲಿ ಇದು ಬಳಕೆಯಲ್ಲಿದೆ.

ಕಟ್ಟುವುದು ಕಷ್ಟವಲ್ಲ. ಗುಡ್ಡದ ಅಬ್ಬಿ ನೀರನ್ನು ಅಡಿಕೆಮರ ಸೀಳಿದ ದಂಬೆಯಲ್ಲಿ ಅಂಗಳಕ್ಕೆ ತಂದವರಿಗೆ ಅರ್ಧ ಕೆಲಸ ಆಗಲೇ ಗೊತ್ತು. ಮೇಲ್ಹೊಳೆಯಲ್ಲಿ ಪೈಪಿನ ಬಾಯಿಗೆ ಜಾಲರಿ ಕಟ್ಟಬೇಕು. ನೀರು ಮೊದಲು 200 ಲೀಟರಿನ ಒಂದು ಡ್ರಮ್ಮಿಗೆ ಬಿದ್ದು, ಗೋಡು ಅಲ್ಲಿ ತಳಕ್ಕಿಳಿಯಬೇಕು. ಆ ಡ್ರಮ್ಮಿನ ಮೇಲ್ಭಾಗದ ತಿಳಿನೀರು ಎರಡನೆಯ ಡ್ರಮ್ಮಿನ ತಳಕ್ಕೆ ಹೋಗಿ, ತೂತಿನ ಪೈಪಿನಿಂದ ಹೊರಟು ದುಂಡುಗಲ್ಲಿನ ಹಾಸಿನ ಮೂಲಕ ಮೇಲೇರುತ್ತದೆ. ಮೊಟ್ಟೆಯ ಬಲೆತಟ್ಟೆಗಳು ಈ ಏರುನೀರಿನಲ್ಲಿರುತ್ತವೆ. ಮೇಲೆ ಬೆಳಕು ನುಸುಳದ ಮುಚ್ಚಳ. ತುದಿಯ ಕೊಳವೆ ನೇರ ಹೊಳೆಗೆ: ಹೊಟ್ಟೆಯಡಿಯ ಭಂಡಾರದ (ಮೊಟ್ಟೆಯ ಹಳದಿಯ) ಚೀಲ ಕರಗಿದ ಮರಿ ತಾನಾಗಿ ಈಜಿ ಆಚೆ ಹೋಗಬೇಕು. ಪಂಪಿಲ್ಲ, ಕರೆಂಟಿಲ್ಲ. ಇಳಿಜಾರೇ ಎಲ್ಲ.

ಕೆಡುವುದು ಸಣ್ಣ ಕಾರಣಗಳಿಗೆ. ಪೈಪು ನಡುವೆ ಎಲ್ಲಾದರೂ ಗೂನಾಗಿ ಎದ್ದಿದ್ದರೆ ಅಲ್ಲಿ ಗಾಳಿ ಕೂತು ನೀರು ನಿಲ್ಲುತ್ತದೆ. ಒಂದು ರಾತ್ರಿಯ ಗಾಳಿಮಳೆಗೆ ಉದುರಿದ ಎಲೆಯೇ ಜಾಲರಿ ಮುಚ್ಚಲು ಸಾಕು. ಆದ್ದರಿಂದ ಬೆಳಿಗ್ಗೆ ಸಂಜೆ ಹರಿವನ್ನು ಬಕೆಟ್ ಮತ್ತು ಗಡಿಯಾರದಿಂದ ಅಳೆಯಲೇಬೇಕು, ಕಣ್ಣಂದಾಜು ಸಾಲದು. ಸತ್ತ ಮೊಟ್ಟೆ ಬಿಳಿಯಾಗುತ್ತದೆ, ಅದರ ಮೇಲೆ ಹತ್ತಿಯಂಥ ಬೂಸು ಏಳುತ್ತದೆ. ಆ ಎಳೆಗಳು ಪಕ್ಕದ ಜೀವಂತ ಮೊಟ್ಟೆಗಳನ್ನೂ ತಬ್ಬಿ ಕೊಲ್ಲುತ್ತವೆ. ಡ್ರಾಪರಿನಿಂದ ಒಂದೊಂದಾಗಿ ಹೀರಿ ತೆಗೆಯಿರಿ, ಆದರೆ ಸಾಲ್ಮನ್ ಮೊಟ್ಟೆಯಲ್ಲಿ ಕರಿಯ ಕಣ್ಣುಚುಕ್ಕೆ ಮೂಡುವವರೆಗೆ ತಟ್ಟೆ ಅಲುಗಾಡಿಸಬೇಡಿ. ಆ ನಡುವಿನ ದಿನಗಳಲ್ಲಿ ಸಣ್ಣ ಕುಲುಕೂ ಅದಕ್ಕೆ ಸಾವು.

ಮೊಟ್ಟೆ ಒಡೆಯುವ ದಿನದ ಲೆಕ್ಕವನ್ನು ಪ್ರತಿದಿನದ ನೀರಿನ ಉಷ್ಣತೆ ಕೂಡಿಸುತ್ತಾ ಹೋಗಿ ಮಾಡುತ್ತಾರೆ. ಅಟ್ಲಾಂಟಿಕ್ ಸಾಲ್ಮನ್ ಮೊಟ್ಟೆ ಒಡೆಯಲು ಒಟ್ಟು ಸುಮಾರು 500 ಡಿಗ್ರಿ ಬೇಕು. ಅಂದರೆ 5 ಡಿಗ್ರಿ ನೀರಿನಲ್ಲಿ 100 ದಿನ. ನಮ್ಮ ಮಹಶೀರಿನ ಮೊಟ್ಟೆ ಸುಮಾರು 24 ಡಿಗ್ರಿ ನೀರಿನಲ್ಲಿ ಮೂರ್ನಾಲ್ಕು ದಿನಕ್ಕೇ ಒಡೆಯುತ್ತದೆ. ಮೊಟ್ಟೆ ದೊಡ್ಡದು, ಹಳದಿ, ತಳಕ್ಕೆ ಕೂರುವಂಥದ್ದು. ಸಂಖ್ಯೆ ಕಟ್ಲಾ, ರೋಹುಗಳಿಗಿಂತ ತೀರಾ ಕಡಿಮೆ. ಒಡೆದ ಮೇಲೂ ಮರಿಗಳು ವಾರಕ್ಕೂ ಹೆಚ್ಚು ಕಾಲ ಬೆಳಕಿಗೆ ಅಂಜಿ ಮೂಲೆಯಲ್ಲಿ ಗುಂಪಾಗಿ ಒತ್ತಿಕೊಂಡಿರುತ್ತವೆ. ಹರಿವು ನಿಂತರೆ ಆ ಗುಂಪಿನ ಒಳಗಿನವು ಮೊದಲು ಸಾಯುತ್ತವೆ. ಒಂದು ತಟ್ಟೆಗೆ 5,000 ಮೊಟ್ಟೆ, ನಿಮಿಷಕ್ಕೆ ಒಂದೆರಡು ಲೀಟರ್ ತಾಜಾ ನೀರು: ಈ ಮಿತಿ ದಾಟಬೇಡಿ.

ಸಾಲ್ಮನ್ ನಾಡಿನ ಪಾಠ ನಮಗೆ ಪೂರ್ತಿ ಹೊಂದದಿರುವುದು ಇಲ್ಲಿಯೇ. ಮಹಶೀರ್ ಮೊಟ್ಟೆಯಿಡುವುದು ಮಳೆಗಾಲದಲ್ಲಿ, ತುಂಗೆ ಕೆಂಪಾಗಿ ಹರಿಯುವಾಗ. ಒಂದು ಡ್ರಮ್ಮಿಗೆ ಆ ಗೋಡು ತಡೆಯುವ ಶಕ್ತಿಯಿಲ್ಲ. ಎರಡು ಮೂರು ಸಾಲಾಗಿಟ್ಟು, ಕೊನೆಯದರಲ್ಲಿ ಮರಳು ತುಂಬಿಸಿ ಸೋಸಬೇಕು. ಅದಕ್ಕಿಂತ ಒಳ್ಳೆಯದೆಂದರೆ ಹೊಳೆಯ ನೀರು ಬಿಟ್ಟು, ಕಾಡಿನೊಳಗಿಂದ ಬರುವ ಹಳ್ಳದ ತಿಳಿನೀರು ಹಿಡಿಯುವುದು.

ಆ ಹಳ್ಳದ ಮೇಲ್ಗಡೆ ಅಡಿಕೆ ತೋಟ ಇರಕೂಡದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ತಿಂಗಳುಗಳಲ್ಲಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ನಮಗೆಲ್ಲ ಬಾಯಿಪಾಠ. ಮೈಲುತುತ್ತದಲ್ಲಿರುವ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಮೀನಿನ ಮರಿಗೆ ವಿಷ. ಸಿಂಪಡಣೆಯ ಡ್ರಮ್ಮನ್ನು ಒಬ್ಬರು ಹಳ್ಳದಲ್ಲಿ ತೊಳೆದರೆ ಕೆಳಗಿನ ಇಡೀ ತಟ್ಟೆ ಹೋದಂತೆಯೇ. ತೋಟದವರೊಂದಿಗೆ ಮೊದಲೇ ಕೂತು ಮಾತಾಡದೆ ಪೆಟ್ಟಿಗೆ ಇಡಬೇಡಿ.

ಇನ್ನು ಮೊಟ್ಟೆ ಎಲ್ಲಿಂದ? ಕಾವೇರಿಯಲ್ಲಿ ಆದದ್ದು ಕಣ್ಣೆದುರಿಗಿದೆ. ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ಅಲ್ಲಿಗೆ ಬಿಟ್ಟರು. ಅದು ಹೆಚ್ಚಿತು, ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದಕ್ಕೆ ತುಂಗೆಗೆ ತುಂಗೆಯ ಮೀನಿನ ಮೊಟ್ಟೆಯೇ ಆಗಬೇಕು, ಒಂದೇ ಜೋಡಿಯದ್ದಲ್ಲ, ಹಲವು ಹೆಣ್ಣು ಗಂಡುಗಳದ್ದು. ಮೀನುಗಾರಿಕೆ ಇಲಾಖೆಯ ಅನುಮತಿಯಿಲ್ಲದೆ ಹಿಡಿಯುವಂತಿಲ್ಲ. ಶೃಂಗೇರಿಯ ಮೆಟ್ಟಿಲ ಬುಡದ ದೇವರ ಮೀನಿಗೂ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನಿಗೂ ಕೈಹಾಕುವ ಮಾತೇ ಇಲ್ಲ.

ಮರಿ ಬಿಡುವ ಜಾಗವನ್ನು ಮೊಟ್ಟೆ ತರುವ ಮೊದಲೇ ಗುರುತಿಸಿ. ಮಡುವಿಗೆ ಸುರಿದರೆ ದೊಡ್ಡ ಮೀನಿಗೆ ಊಟ. ಮೊಣಕಾಲುದ್ದದ ನೀರು, ಕಲ್ಲಿನ ಮರೆ, ದಂಡೆಯ ಮರದ ನೆರಳು ಇರುವಲ್ಲಿ, ಕತ್ತಲಾಗುವ ಹೊತ್ತಿಗೆ, ಅಲ್ಲಿಯವರೆಗೆ ತುದಿಯ ಕೊಳವೆಗೆ ಕಟ್ಟಿಟ್ಟ ಜಾಲರಿ ತೆಗೆಯಿರಿ. ಮರುದಿನ ಬೆಳಿಗ್ಗೆ ತಟ್ಟೆಯಲ್ಲುಳಿದ ಸತ್ತವನ್ನು ಎಣಿಸಿ, ಆ ದಿನದ ಉಷ್ಣತೆ ಮತ್ತು ಹರಿವಿನ ಪಕ್ಕದಲ್ಲೇ ಬರೆದಿಡಿ.