ಬಡ್ಡಿ ದರ ಇರುವುದು ಬ್ಯಾಂಕಿನ ವಿಳಾಸದಲ್ಲಿ

[ತೆರೆಯ ಮೇಲೆ: ಅಮೆರಿಕದ ನಕ್ಷೆ. ಮಿನೆಸೋಟ, ನೆಬ್ರಾಸ್ಕ ರಾಜ್ಯಗಳಿಗೆ ಬಣ್ಣ.]

ನಮಸ್ಕಾರ. ಅಮೆರಿಕದ ದೊಡ್ಡ ಕ್ರೆಡಿಟ್ ಕಾರ್ಡ್ ಬ್ಯಾಂಕುಗಳ ವಿಳಾಸ ಹುಡುಕುತ್ತಾ ಹೋದರೆ ಪದೇ ಪದೇ ಎದುರಾಗುವುದು ಸೌತ್ ಡಕೋಟ, ಡೆಲವೇರ್‌ನಂಥ ಕಡಿಮೆ ಜನಸಂಖ್ಯೆಯ ರಾಜ್ಯಗಳು. ಯಾಕೆ?

1970ರ ದಶಕಕ್ಕೆ ಹೋಗೋಣ. ಮಿನೆಸೋಟದಲ್ಲಿ ಕಾರ್ಡ್ ಸಾಲಕ್ಕೆ ವರ್ಷಕ್ಕೆ ಶೇ. 12ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿರಲಿಲ್ಲ. ನೆಬ್ರಾಸ್ಕದಲ್ಲಿ 999.99 ಡಾಲರ್‌ವರೆಗಿನ ಬಾಕಿಗೆ ಶೇ. 18 ಹಾಕಬಹುದಿತ್ತು. ನೆಬ್ರಾಸ್ಕದ ಒಮಾಹಾ ಬ್ಯಾಂಕೊಂದು ಮಿನೆಸೋಟದ ಜನರಿಗೇ ಕಾರ್ಡ್ ಕೊಟ್ಟು, ತನ್ನ ಊರಿನ ದರ ಹಾಕಿತು.

[ತೆರೆಯ ಮೇಲೆ: ಬಾಕಿ 500 ಡಾಲರ್. 60 ಡಾಲರ್ ಅಳಿಸಿ, 90 ಡಾಲರ್.]

ವರ್ಷಪೂರ್ತಿ 500 ಡಾಲರ್ ಬಾಕಿ ಉಳಿಸಿಕೊಂಡವರ ಲೆಕ್ಕ ನೋಡಿ. ತಮ್ಮ ರಾಜ್ಯದ ಕಾನೂನಿನಂತೆ 60 ಡಾಲರ್ ಬಡ್ಡಿ. ಕಟ್ಟಬೇಕಾಗಿ ಬಂದದ್ದು 90. ಅದೇ ಮನುಷ್ಯ, ಅದೇ ಅಂಗಡಿಯ ಖರೀದಿ.

ಇದನ್ನು ತಡೆಯಲು ಮಿನೆಸೋಟದ ಮಿನಿಯಾಪೊಲಿಸ್‌ನ ಮಾರ್ಕೆಟ್ ನ್ಯಾಷನಲ್ ಬ್ಯಾಂಕ್ ಕೋರ್ಟಿಗೆ ಹೋಯಿತು. 1978ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು: ರಾಷ್ಟ್ರೀಯ ಬ್ಯಾಂಕ್, ಅಂದರೆ ಕೇಂದ್ರ ಸರ್ಕಾರದ ಪರವಾನಗಿ ಪಡೆದ ಬ್ಯಾಂಕ್, ಎಲ್ಲಿ ನೆಲೆಸಿದೆಯೋ ಅಲ್ಲಿಯ ದರ ಹಾಕಬಹುದು, ಸಾಲಗಾರ ಎಲ್ಲೇ ಇರಲಿ. 1864ರ ಬ್ಯಾಂಕ್ ಕಾಯ್ದೆ ಹೇಳುವುದು ಅಷ್ಟೇ. ರಾಜ್ಯಗಳ ಬಡ್ಡಿ ಕಾನೂನು ಉಳಿಯಬೇಕಿದ್ದರೆ ಅದು ಸಂಸತ್ತಿನ ಕೆಲಸ ಎಂದರು ನ್ಯಾಯಮೂರ್ತಿ ವಿಲಿಯಂ ಬ್ರೆನನ್. ಸಂಸತ್ತು ಆ ಬಾಗಿಲು ಮುಚ್ಚಲೇ ಇಲ್ಲ.

ಬ್ಯಾಂಕುಗಳ ಕಷ್ಟವೂ ಸುಳ್ಳಲ್ಲ. ಹಣದುಬ್ಬರ ಏರಿ, 1980ರಲ್ಲಿ ಬ್ಯಾಂಕುಗಳ ಪ್ರಧಾನ ಸಾಲದ ದರವೇ, ಅಂದರೆ ನೆಚ್ಚಿನ ದೊಡ್ಡ ಗ್ರಾಹಕರಿಗೆ ಹಾಕುವ ದರವೇ, ಶೇ. 20 ಮುಟ್ಟಿತ್ತು. ದುಬಾರಿಗೆ ಹಣ ತಂದು ಅಗ್ಗಕ್ಕೆ ಕೊಡಲು ಯಾರಿಂದಲೂ ಆಗದು. ಮಿತಿ ತೀರಾ ಬಿಗಿಯಾದರೆ ಮೊದಲು ಸಾಲ ತಪ್ಪುವುದು ಕಡಿಮೆ ಆದಾಯದವರಿಗೇ. ಅದಕ್ಕೆ ಮಿತಿಯನ್ನು ಬಡ್ಡಿ ಮಾರುಕಟ್ಟೆಯ ಜೊತೆ ಏರಿಳಿಯುವಂತೆ ಮಾಡಬಹುದಿತ್ತು. ಆದದ್ದೇ ಬೇರೆ. ಸೌತ್ ಡಕೋಟ ಮಿತಿಯನ್ನೇ ತೆಗೆದುಹಾಕಿ ಸಿಟಿಬ್ಯಾಂಕನ್ನು ಕರೆಯಿತು. 1981ರಲ್ಲಿ ಅದರ ಕಾರ್ಡ್ ವ್ಯವಹಾರ ನ್ಯೂಯಾರ್ಕ್ ಬಿಟ್ಟು ಸೌತ್ ಡಕೋಟದ ಸೂ ಫಾಲ್ಸ್ ನಗರಕ್ಕೆ ಬಂತು. ಡೆಲವೇರ್ ಕೂಡ ಅದೇ ವರ್ಷ ಮಿತಿ ತೆಗೆದು ಬ್ಯಾಂಕುಗಳಿಗೆ ಬಾಗಿಲು ತೆರೆಯಿತು. ನನಗೆ ಒಪ್ಪಲಾಗದ್ದು ಇದೇ: ಒಂದು ರಾಜ್ಯದ ಉದ್ಯೋಗದಾಸೆಗೆ ಬೇರೆಲ್ಲ ರಾಜ್ಯಗಳ ಸಾಲಗಾರರು ಬೆಲೆ ತೆತ್ತರು, ಆ ಕಾನೂನು ಮಾಡಿದವರಿಗೆ ಅವರು ಮತವನ್ನೇ ಹಾಕಿರಲಿಲ್ಲ.

1996ರಲ್ಲಿ ಕೋರ್ಟ್ ತಡಪಾವತಿ ಶುಲ್ಕವನ್ನೂ 'ಬಡ್ಡಿ'ಯ ಲೆಕ್ಕಕ್ಕೇ ಸೇರಿಸಿತು. ಅಂದರೆ ದಂಡಕ್ಕೂ ಬ್ಯಾಂಕಿನ ಊರಿನದೇ ಕಾನೂನು.

[ತೆರೆಯ ಮೇಲೆ: 2016, ಮತಪೆಟ್ಟಿಗೆ]

ಸೌತ್ ಡಕೋಟದ ಮತದಾರರೇ 2016ರಲ್ಲಿ, ಸಂಬಳ ಬರುವವರೆಗಿನ ಕೈಸಾಲಗಳಿಗೆ ವರ್ಷಕ್ಕೆ ಶೇ. 36ರ ಮಿತಿ ಹಾಕಿದರು. ಆ ಮಿತಿ ಬ್ಯಾಂಕುಗಳಿಗೆ ಅನ್ವಯಿಸುವುದಿಲ್ಲ.