ಮಿಷನ್ ಯಾತ್ರೆಯ ಕೊನೆಯ ವಾರ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕ್ರೈಸ್ತ ಸಭೆಗಳಿಂದ ಎರಡು ಮೂರು ವಾರದ ಮಟ್ಟಿಗೆ ಹೊರದೇಶಕ್ಕೆ ಸೇವೆಗೆಂದು ಹೊರಡುವ ತಂಡಗಳು ಈಗ ಅಪರೂಪವಲ್ಲ. ಒಬ್ಬರೋ ಇಬ್ಬರೋ ಡಾಕ್ಟರು, ನರ್ಸು, ಎಂಜಿನಿಯರು, ಸಂಡೇ ಸ್ಕೂಲ್ ಟೀಚರು, ನಾಲ್ಕಾರು ಕಾಲೇಜು ಹುಡುಗ ಹುಡುಗಿಯರು. ಹೋಗುವ ಮುಂಚೆ ತಿಂಗಳುಗಟ್ಟಲೆ ಪ್ರಾರ್ಥನೆ ಕೂಟ, ವೀಸಾ, ಲಸಿಕೆ, ಔಷಧಿ ಪೆಟ್ಟಿಗೆ ಅಂತ ತಯಾರಿ ನಡೆಯುತ್ತದೆ. ವಾಪಸು ಬರುವುದಕ್ಕೆ ಮಾತ್ರ ತಯಾರಿ ಇರುವುದಿಲ್ಲ. ಕೊನೆಯ ವಾರ ಫೋಟೊ, ಬೀಳ್ಕೊಡುಗೆ ಊಟ, ಪ್ಯಾಕಿಂಗ್ ಇವುಗಳಲ್ಲೇ ಕರಗಿಹೋಗುತ್ತದೆ.

ಇವತ್ತಿನ ಮಾತು ಆ ವಾರದ್ದು. ತಂಡ ಪಶ್ಚಿಮ ಕೀನ್ಯಾಕ್ಕೆ, ವಿಕ್ಟೋರಿಯಾ ಸರೋವರದ ಕಡೆಯ ಹಳ್ಳಿಗಳಿಗೆ ಹೋಗಿದೆ ಅಂತ ಇಟ್ಟುಕೊಳ್ಳೋಣ. ಯಾತ್ರೆ ಮುಗಿಯುತ್ತಾ ಬಂದಾಗ ಎಲ್ಲರೂ ಮನನಕ್ಕೆ ಕೂರುತ್ತಾರೆ. ಕೂತ ಕೂಡಲೇ ಬರುವ ಪ್ರಶ್ನೆ, ಈ ಯಾತ್ರೆ ನನ್ನನ್ನು ಹೇಗೆ ಬದಲಾಯಿಸಿತು ಅಂತ. ಆ ಪ್ರಶ್ನೆಗೆ ಬೆಂಗಳೂರಿಗೆ ಬಂದ ಮೇಲೂ ಸಮಯ ಇರುತ್ತದೆ. ಅಲ್ಲಿರುವಾಗಲೇ ಕೇಳಬೇಕಾದ ಪ್ರಶ್ನೆ ಒಂದೇ: ನಾವು ಇಲ್ಲಿ ಶುರು ಮಾಡಿದ್ದು ನಾಳೆಯಿಂದ ಯಾರ ಕೈಯಲ್ಲಿರುತ್ತದೆ?

ಇದು ಹೊಸ ಪ್ರಶ್ನೆಯಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ ಓದಿದವರಿಗೆ ಗೊತ್ತು, ಪೌಲ ಬಾರ್ನಬರು ತಮ್ಮ ಮಿಷನ್ ಯಾತ್ರೆಯಿಂದ ವಾಪಸಾಗುವಾಗ ಬಂದ ದಾರಿಯಲ್ಲೇ ಹಿಂದಿರುಗಿ, ಸಭೆ ಸಭೆಗೂ ಹಿರಿಯರನ್ನು ನೇಮಿಸಿ, ಆಮೇಲೆ ತಮ್ಮನ್ನು ಕಳಿಸಿದ್ದ ಅಂತಿಯೋಕ್ಯಕ್ಕೆ ಬಂದು ಸಭೆಯನ್ನು ಕೂಡಿಸಿ ವರದಿ ಒಪ್ಪಿಸಿದರು. ನಮ್ಮ ನಾಡಿನಲ್ಲೂ ಹೀಗೆಯೇ. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಮಂಗಳೂರಿಗೆ ಬಂದರು. ಅದೇ ಬಾಸೆಲ್ ಸೆಮಿನರಿಯಲ್ಲಿ ಕಲಿತ ಯೋಹಾನ್ ಲುಡ್ವಿಗ್ ಕ್ರಾಫ್ 1844ರಲ್ಲಿ ಕೀನ್ಯಾದ ಮೊಂಬಾಸಾಕ್ಕೆ ಹೋದರು; ಕೆಲವೇ ತಿಂಗಳಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಅಲ್ಲಿ ಮಣ್ಣು ಮಾಡಬೇಕಾಯಿತು. ಒಂದೇ ಶಾಲೆಯವರು ಕನ್ನಡಕ್ಕೂ ಬಂದರು, ಸ್ವಾಹಿಲಿಗೂ ಹೋದರು. ಮೊದಲ ಮಹಾಯುದ್ಧ ಬಂದಾಗ ಇಲ್ಲಿದ್ದ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದ ಕಳಿಸಿತು. ಕರಾವಳಿಯಲ್ಲಿ ಆರಾಧನೆ ನಿಲ್ಲಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಊರಿನ ಉಪದೇಶಿಗಳೂ ಮೇಷ್ಟರುಗಳೂ ತಯಾರಾಗಿದ್ದರು. ನಮ್ಮ ಹಡ್ಸನ್ ವೃತ್ತದ ದೇವಾಲಯವನ್ನೇ ನೋಡಿ. 1904ರದು, ಹೆಸರು ಹೊರಗಿನಿಂದ ಬಂದ ಮಿಷನರಿ ಜೋಸಾಯ ಹಡ್ಸನ್ ಅವರದು. ಒಳಗಿನ ಕನ್ನಡ ಆರಾಧನೆ ಇವತ್ತಿಗೂ ಇಲ್ಲಿಯವರ ಕೈಯಲ್ಲಿದೆ.

ಈಗ ಕೆಲಸದ ಮಾತಿಗೆ ಬರೋಣ. ವೈದ್ಯಕೀಯ ಶಿಬಿರದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಆಗುವ ಎಡವಟ್ಟು ಜೀವಕ್ಕೆ ತಟ್ಟುತ್ತದೆ.

ಕೀನ್ಯಾದಲ್ಲಿ ರೋಗಿಗಳನ್ನು ನೋಡಲು ಹೊರಗಿನ ಡಾಕ್ಟರಿಗೆ ಅಲ್ಲಿನ ವೈದ್ಯ ಮಂಡಳಿಯ ತಾತ್ಕಾಲಿಕ ಪರವಾನಗಿ ಬೇಕು. ಅದು ಇದ್ದೇ ಹೋಗಿರುತ್ತೀರಿ. ಕೊನೆಯ ವಾರದ ತೊಡಕು ಬೇರೆ. ಶಿಬಿರದಲ್ಲಿ ಐವತ್ತು ದಾಟಿದ ಒಬ್ಬ ತಾಯಿಗೆ ಬಿಪಿ 170 ಬರುತ್ತದೆ. ಬಿಪಿ ಇಳಿಸುವ ಆಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ಮೂವತ್ತು ದಿನಕ್ಕೆ ಕೊಟ್ಟು ಕಳಿಸುತ್ತೀರಿ. ಮೂವತ್ತೊಂದನೆಯ ದಿನ? ತಲೆಸುತ್ತು ಕಮ್ಮಿಯಾಗಿದೆ, ವಾಸಿಯಾಯಿತು ಅಂದುಕೊಂಡು ಆಕೆ ಸುಮ್ಮನಾಗುತ್ತಾರೆ. ಬಿಪಿ ಮತ್ತೆ ಏರುತ್ತದೆ, ಆಕೆಗೆ ಗೊತ್ತೂ ಆಗುವುದಿಲ್ಲ. ಅದಕ್ಕೇ, ತುರ್ತು ಇಲ್ಲದಿದ್ದರೆ ಕೊನೆಯ ಮೂರು ದಿನ ಯಾರಿಗೂ ಬಿಪಿ, ಶುಗರ್ ಮಾತ್ರೆ ಹೊಸದಾಗಿ ಶುರು ಮಾಡಬೇಡಿ. ಬಿಪಿ ಇದೆ ಅಂತ ತೀರ್ಮಾನಿಸಲು ಬೇರೆ ಬೇರೆ ದಿನ ಕನಿಷ್ಠ ಎರಡು ಸಲ ಅಳೆಯಬೇಕು. ಕೊನೆಯ ದಿನ ಬಂದವರನ್ನು ಎರಡನೆಯ ಸಲ ನೋಡಲು ನೀವು ಇರುವುದೇ ಇಲ್ಲ. ಅಂಥವರಿಗೆ ಚೀಟಿ ಬರೆದುಕೊಟ್ಟು ಅಲ್ಲಿನ ಸರ್ಕಾರಿ ಡಿಸ್ಪೆನ್ಸರಿಗೆ ಕಳಿಸಿ.

ಮೊದಲೇ ಶುರು ಮಾಡಿದವರದ್ದು ಒಂದು ರಿಜಿಸ್ಟರಿನಲ್ಲಿರಲಿ. ಹೆಸರು, ವಯಸ್ಸು, ಊರು, ಅಳೆದ ದಿನಾಂಕಗಳು, ಪ್ರತಿ ಸಲದ ಬಿಪಿ, ಮಾತ್ರೆಯ ಜೆನೆರಿಕ್ ಹೆಸರು (ಕಂಪನಿಯ ಬ್ರಾಂಡ್ ಅಲ್ಲ, ಔಷಧಿಯ ಮೂಲ ಹೆಸರು), ಎಷ್ಟು ಮಿಲಿಗ್ರಾಂ, ಎಷ್ಟು ದಿನಕ್ಕೆ ಕೊಟ್ಟಿದೆ, ಯಾವತ್ತು ಮುಗಿಯುತ್ತದೆ. ಈ ಕೊನೆಯ ಕಾಲಂ ಬಿಟ್ಟರೆ ಉಳಿದದ್ದೆಲ್ಲ ಬರೆದೂ ವ್ಯರ್ಥ. ಹೊರಡುವ ಎರಡು ದಿನ ಮುಂಚೆ ಡಿಸ್ಪೆನ್ಸರಿಯ ಕ್ಲಿನಿಕಲ್ ಆಫೀಸರ್, ಅಂದರೆ ಡಾಕ್ಟರಲ್ಲದಿದ್ದರೂ ರೋಗಿಗಳನ್ನು ನೋಡಿ ಔಷಧಿ ಬರೆಯುವವರ ಜೊತೆ ಕೂತು ಒಂದೊಂದು ಸಾಲೂ ಓದಿ. ಅವರಲ್ಲಿ ಆ ಮಾತ್ರೆ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ಅವರಲ್ಲಿ ಸಿಗುವ ಮಾತ್ರೆಗೆ ಬದಲಾಯಿಸಲು ಆ ಎರಡು ದಿನ ಬೇಕಾಗುತ್ತದೆ.

ಉಳಿದ ಔಷಧಿ ಏನು ಮಾಡುವುದು? ಹೇಗೂ ಮಿಕ್ಕಿದೆ, ಕೊಟ್ಟು ಹೋಗೋಣ ಅನ್ನುವವರೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ದಾನ ಕೊಡುವ ಔಷಧಿಗೆ ಆ ದೇಶ ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು, ಜೆನೆರಿಕ್ ಹೆಸರು ಇರಬೇಕು, ಲೇಬಲ್ ಅಲ್ಲಿನ ಸಿಬ್ಬಂದಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಕತ್ತರಿಸಿದ ಸ್ಟ್ರಿಪ್ಪುಗಳಲ್ಲಿ ಎಕ್ಸ್‌ಪೈರಿ ದಿನಾಂಕದ ತುದಿ ಯಾವುದೋ ರೋಗಿಯ ಜೇಬು ಸೇರಿರುತ್ತದೆ. ಅಂಥವನ್ನು ಕೊಡಬೇಡಿ, ಚರ್ಚಿನ ಹಿಂದಿನ ಗುಂಡಿಗೂ ಸುರಿಯಬೇಡಿ. ಬೇರೆ ಕಟ್ಟಿ, ನಾಶ ಮಾಡುವ ವ್ಯವಸ್ಥೆಯಿರುವ ಆಸ್ಪತ್ರೆಗೆ ಒಪ್ಪಿಸಿ.

ಇನ್ನು ನೀರಿನ ಕೆಲಸ. ಅಲ್ಲಿ ಹೆಚ್ಚಾಗಿ ಸಿಗುವುದು ಆಫ್ರಿದೇವ್ ಕೈಪಂಪು. ನಮ್ಮ ಹಳ್ಳಿಗಳಲ್ಲಿ ಬೋರಿಂಗು ಅಂತ ಕರೆಯುವ ಇಂಡಿಯಾ ಮಾರ್ಕ್ 2 ಪಂಪು ನೋಡಿ ಬೆಳೆದ ಎಂಜಿನಿಯರಿಗೆ ಇದು ಸಲೀಸು ಅನ್ನಿಸುತ್ತದೆ, ಆದರೆ ವ್ಯತ್ಯಾಸವಿದೆ. ಮಾರ್ಕ್ 2ರಲ್ಲಿ ಒಳಗಿನ ವಾಷರ್ ಬದಲಾಯಿಸಲು ಕೊಳವೆಯನ್ನೆಲ್ಲ ಮೇಲೆತ್ತಬೇಕು, ಅದಕ್ಕೆ ಮೆಕ್ಯಾನಿಕ್ ತಂಡವೇ ಬರಬೇಕು. ಆಫ್ರಿದೇವನ್ನು ರೂಪಿಸಿದ್ದೇ ಊರಿನವರು ತಾವೇ ರಿಪೇರಿ ಮಾಡಿಕೊಳ್ಳಲಿ ಅಂತ. ಒಂದು ಸ್ಪ್ಯಾನರ್ ಸಾಕು. ಮುಚ್ಚಳ ಬಿಚ್ಚಿ, ಹಿಡಿಕೆ ತೆಗೆದು, ಸರಳುಗಳನ್ನು ಒಂದೊಂದಾಗಿ ಎಳೆದು ಕೊಕ್ಕೆ ಬಿಡಿಸುತ್ತಾ ಹೋದರೆ ಪಿಸ್ಟನ್ ಮೇಲೆ ಬರುತ್ತದೆ, ಕೊಳವೆ ಇದ್ದಲ್ಲೇ ಇರುತ್ತದೆ. ಪಿಸ್ಟನ್ ಸುತ್ತ ಯು ಆಕಾರದ ರಬ್ಬರು ಸೀಲು, ಕವಾಟದಲ್ಲಿ ನೀರನ್ನು ಬಿಟ್ಟು ತಡೆಯುವ ಬಾಬಿನ್ ಎಂಬ ಬಿಡಿಭಾಗ, ಹಿಡಿಕೆಯ ಬುಡದಲ್ಲಿ ಪ್ಲಾಸ್ಟಿಕ್ ಬುಶ್ ಬೇರಿಂಗು. ಸವೆಯುವುದು ಮುಖ್ಯವಾಗಿ ಇವೇ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಪಂಪು ಕೆಡುವ ಮುಂಚೆ ಸೂಚನೆ ಕೊಡುತ್ತದೆ. ನೀರು ಬರುವಂತೆ ಹೊಡೆದು ಅರ್ಧ ಗಂಟೆ ಬಿಡಿ. ಮತ್ತೆ ಹೊಡೆದಾಗ ಐದು ಸಲ ದಾಟಿದರೂ ನೀರು ಬರದಿದ್ದರೆ ಕೆಳಗಿನ ಕವಾಟ ಸೋರುತ್ತಿದೆ. ಬೇಗ ಬಂದರೂ ಹೊಡೆತಕ್ಕೆ ತಕ್ಕಷ್ಟು ನೀರಿಲ್ಲ ಅಂದರೆ ಪಿಸ್ಟನ್ನಿನ ಸೀಲು ಸವೆದಿದೆ. ಈ ಪರೀಕ್ಷೆಯನ್ನು ಊರಿನ ನೀರು ಸಮಿತಿಯವರು, ಅದರಲ್ಲೂ ದಿನಾ ನೀರು ಹೊರುವ ಹೆಂಗಸರು, ನಿಮ್ಮೆದುರಿಗೆ ಮಾಡಬೇಕು. ಬಿಚ್ಚಿ ಜೋಡಿಸುವುದನ್ನೂ ಅವರೇ ಎರಡು ಸಲ ಮಾಡಲಿ, ತಂಡದವರು ಕೈ ಕಟ್ಟಿ ನಿಂತು ನೋಡಲಿ. ಇದು ಎಂಜಿನಿಯರುಗಳಿಗೆ ಬಹಳ ಕಷ್ಟ. ಒಂದು ನಟ್ಟು ಸಿಕ್ಕಿಕೊಂಡರೂ ಕೈ ತಾನಾಗಿ ಮುಂದೆ ಹೋಗುತ್ತದೆ. ತಡೆದುಕೊಳ್ಳಿ. ಸ್ಪ್ಯಾನರ್ ಯಾರ ಮನೆಯಲ್ಲಿರುತ್ತದೆ, ಸೀಲು ಯಾವ ಪೇಟೆಯ ಯಾವ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಎಷ್ಟು, ಹಣ ಯಾರ ಹತ್ತಿರ ಜಮೆಯಾಗುತ್ತದೆ ಎಂಬುದೆಲ್ಲ ಒಂದು ಹಾಳೆಯಲ್ಲಿ ಸ್ವಾಹಿಲಿಯಲ್ಲೋ ಅಲ್ಲಿನ ಮನೆಮಾತಿನಲ್ಲೋ ಬರೆಸಿ. ಬೆಂಗಳೂರಿನಿಂದ ಸೀಲಿನ ಪೊಟ್ಟಣ ಕಳಿಸುತ್ತೇವೆ ಅನ್ನಬೇಡಿ. ಆ ಪೊಟ್ಟಣಕ್ಕೆ ಕಾಯುತ್ತಾ ಪಂಪು ನಿಂತೇ ಇರುತ್ತದೆ.

ಮಾತು ಕೊಡುವುದಕ್ಕೆ ಬಂದೆ. ಕೊನೆಯ ವಾರ ಮನಸ್ಸು ಮೆತ್ತಗಾಗಿರುತ್ತದೆ, ಬಾಯಿ ಬೇಗ ತೆರೆಯುತ್ತದೆ. ನಿನ್ನ ಸ್ಕೂಲ್ ಫೀಸು ನಾನು ಕಟ್ಟುತ್ತೇನೆ, ಮುಂದಿನ ವರ್ಷ ವ್ಹೀಲ್‌ಚೇರ್ ತರುತ್ತೇವೆ, ದಿನಾ ಫೋನ್ ಮಾಡುತ್ತೇನೆ. ಹೇಳಿದವರು ಮರೆತಿರುತ್ತಾರೆ, ಕೇಳಿಸಿಕೊಂಡವರು ಮರೆಯುವುದಿಲ್ಲ. ಹೊರಡಲು ನಾಲ್ಕು ದಿನವಿದೆ ಅನ್ನುವಾಗ ತಂಡದ ಪ್ರತಿಯೊಬ್ಬರೂ ತಾವು ಯಾರಿಗೆ ಏನು ಹೇಳಿದೆವು ಅಂತ ಒಂದೇ ಪಟ್ಟಿಗೆ ಬರೆಯಲಿ. ನಾಯಕರು ಅದನ್ನು ಹಿಡಿದು ಅಲ್ಲಿನ ಸಭಾಪಾಲಕರ ಜೊತೆ ಕೂರಲಿ. ಆಗದ್ದನ್ನು ಹೊಡೆದುಹಾಕಿ, ಯಾರಿಗೆ ಹೇಳಿದ್ದಿರೋ ಅವರ ಮನೆಗೇ ಹೋಗಿ, ಇದು ನಮ್ಮಿಂದ ಆಗುವುದಿಲ್ಲ ಅಂತ ಮುಖ ನೋಡಿ ಹೇಳಿ. ಫೀಸಿನಂಥದ್ದು ಒಬ್ಬ ಹುಡುಗನ ಕೈಗೆ ಹೋಗದೆ, ಅಲ್ಲಿನ ಸಭೆ ಆರಿಸುವ ಮಕ್ಕಳಿಗೆ ಅಲ್ಲಿನ ಸಭೆಯ ಲೆಕ್ಕದಿಂದ ಹೋಗಲಿ. ಇಲ್ಲದಿದ್ದರೆ ಪಕ್ಕದ ಮನೆಯ ಮಗು ನನ್ನಲ್ಲೇನು ಕಮ್ಮಿ ಅಂತ ಕೇಳುತ್ತದೆ, ಆ ಪ್ರಶ್ನೆಗೆ ಉತ್ತರಿಸಬೇಕಾದವರು ಅಲ್ಲಿ ಉಳಿಯುವ ಸಭಾಪಾಲಕರು. ನಿಮ್ಮ ಸಭೆ ಟ್ರಸ್ಟಿನ ಹಣದಿಂದ ಕಳಿಸುವುದಾದರೆ ಮೊದಲು ಆಡಿಟರನ್ನು ಕೇಳಿ. ಧರ್ಮಾದಾಯ ಟ್ರಸ್ಟಿನ ಹಣ ದೇಶದ ಹೊರಗೆ ಖರ್ಚಾದರೆ ತೆರಿಗೆ ವಿನಾಯಿತಿಗೆ ತೊಡಕಾಗುತ್ತದೆ.

ಹಣ ಈ ಕಡೆಗೂ ಬರುತ್ತದೆ. ಕೊನೆಯ ಭಾನುವಾರ ಅಲ್ಲಿನ ಸಭೆಯವರು, ನಿಮ್ಮ ದೇವಾಲಯಕ್ಕೆ ನಮ್ಮದೊಂದು ಕಾಣಿಕೆ ಅಂತ ಕವರು ಕೊಡುವುದುಂಟು. ಎಂಥ ದೊಡ್ಡ ಮನಸ್ಸು! ಆದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ, ನೋಂದಣಿಯೋ ಸರ್ಕಾರದ ಪೂರ್ವಾನುಮತಿಯೋ ಇಲ್ಲದ ಸಭೆ ಅದನ್ನು ಪಡೆಯುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ನಂತರ ಅದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕವರನ್ನು ತಳ್ಳಿಬಿಟ್ಟರೆ ಅವರಿಗೆ ನೋವು. ಎರಡು ಕೈಯಿಂದ ತೆಗೆದುಕೊಂಡು, ಅಲ್ಲೇ ಸಭೆಯ ಮುಂದೆ, ನಿಮ್ಮ ಪಂಪಿನ ರಿಪೇರಿ ನಿಧಿಗೆ ನಮ್ಮ ಹೆಸರಿನಲ್ಲಿ ಸೇರಿಸಿ ಅಂತ ಖಜಾಂಚಿಗೆ ಕೊಟ್ಟರೆ ಗೌರವವೂ ಉಳಿಯುತ್ತದೆ, ಕಾನೂನೂ ಉಳಿಯುತ್ತದೆ.

ಲೆಕ್ಕದ ವಿಷಯ ಚಿಕ್ಕದಾಗಿ. ಅಲ್ಲಿ ಬಾಡಿಗೆ ಗಾಡಿಯಿಂದ ಸೊಪ್ಪಿನವರೆಗೆ ಎಲ್ಲ ಎಂ-ಪೆಸಾದಲ್ಲಿ, ಅಂದರೆ ಫೋನಿನಲ್ಲೇ ಹಣ ಕಳಿಸುವ ವ್ಯವಸ್ಥೆಯಲ್ಲಿ ನಡೆಯುತ್ತದೆ, ರಸೀದಿ ಅಂದರೆ ಫೋನಿಗೆ ಬರುವ ಮೆಸೇಜು. ಸಾಲ ತಂದ ಫೋನು ಹಿಂದಿರುಗಿಸುವ ಮೊದಲೇ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಉಳಿದ ಶಿಲ್ಲಿಂಗನ್ನು ನೈರೋಬಿಯಲ್ಲೇ ಬದಲಾಯಿಸಿಕೊಳ್ಳಿ. ಡಾಲರ್ ನೋಟು ಒಬ್ಬರಿಗೆ 2000ದವರೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಒಪ್ಪಿಸಬೇಕು. ಪ್ರೀತಿಯಿಂದ ಕೊಟ್ಟ ಜೋಳ, ಹುರುಳಿಯ ಬೀಜ ತರುವಂತಿಲ್ಲ, ಸಸ್ಯ ಕ್ವಾರಂಟೈನ್ ಪರವಾನಗಿ ಬೇಕು. ಮಕ್ಕಳ ಫೋಟೊ ತಂದೆತಾಯಿಯ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕಬೇಡಿ. ಕಾಯಿಲೆ ಮಲಗಿದವರದ್ದಂತೂ ಬೇಡವೇ ಬೇಡ.

ಆರೋಗ್ಯದ ಮಾತು ಮಾತ್ರ ಗಮನವಿಟ್ಟು ಕೇಳಿ. ಹಳದಿ ಜ್ವರದ ಲಸಿಕೆ ಪುಸ್ತಕ ಕೈಚೀಲದಲ್ಲೇ ಇರಲಿ. ಕೀನ್ಯಾದಿಂದ ಬಂದವರು ಅದನ್ನು ಕೆಂಪೇಗೌಡ ನಿಲ್ದಾಣದ ಆರೋಗ್ಯ ಕೌಂಟರಿನಲ್ಲಿ ತೋರಿಸಬೇಕು, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಮಲೇರಿಯಾ ಬರದಂತೆ ತೆಗೆದುಕೊಳ್ಳುವ ಮಾತ್ರೆಯನ್ನು ಮನೆಗೆ ಬಂದ ದಿನವೇ ನಿಲ್ಲಿಸುವುದು ತುಂಬಾ ಅಪಾಯ. ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಬಂದ ಮೇಲೂ ಏಳು ದಿನ, ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೊಕ್ವಿನ್ ಆದರೆ ನಾಲ್ಕು ವಾರ ಮುಂದುವರಿಸಬೇಕು. ಪರೋಪಜೀವಿ ಮೊದಲು ಯಕೃತ್ತಿನಲ್ಲಿ ಅಡಗಿದ್ದು ಆಮೇಲೆ ರಕ್ತಕ್ಕಿಳಿಯುತ್ತದೆ. ಮೊದಲನೆಯ ಮಾತ್ರೆ ಯಕೃತ್ತಿನಲ್ಲೇ ಅದನ್ನು ಹಿಡಿಯುತ್ತದೆ, ಉಳಿದೆರಡು ರಕ್ತಕ್ಕೆ ಬಂದ ಮೇಲೆ. ಬಂದ ಮೂರು ತಿಂಗಳಲ್ಲಿ ಜ್ವರ ಬಂದರೆ ಡಾಕ್ಟರಿಗೆ ಹೇಳುವ ಮೊದಲ ವಾಕ್ಯವೇ ಆಫ್ರಿಕಾಕ್ಕೆ ಹೋಗಿದ್ದೆ ಅಂತಿರಲಿ. ಮಳೆಗಾಲದಲ್ಲಿ ಇಲ್ಲಿ ಜ್ವರ ಅಂದರೆ ಡೆಂಗಿ ಕಡೆಗೇ ಯೋಚನೆ ಹೋಗುತ್ತದೆ. ಮಲೇರಿಯಾ ರಕ್ತಪರೀಕ್ಷೆ ಒಂದು ಸಲ ನೆಗೆಟಿವ್ ಬಂದರೆ ಸಾಲದು, 12ರಿಂದ 24 ಗಂಟೆ ಬಿಟ್ಟು ಮತ್ತೆ ಮಾಡಿಸಬೇಕು.

ಸರೋವರದ ದಡದಲ್ಲಿ ದೀಕ್ಷಾಸ್ನಾನಕ್ಕೆಂದು ನೀರಿಗಿಳಿದವರು ಇನ್ನೊಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ವಿಕ್ಟೋರಿಯಾ ಸರೋವರದ ಬಸವನಹುಳುಗಳಿಂದ ಬರುವ ಶಿಸ್ಟೊಸೋಮಾ ಎಂಬ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ಸೊಂಟದ ಮಟ್ಟ ಸ್ವಲ್ಪ ಹೊತ್ತು ನಿಂತರೂ ಸಾಕು. ಬಂದ ಕೂಡಲೇ ಪರೀಕ್ಷಿಸಿದರೆ ಸಿಗುವುದಿಲ್ಲ, ಹುಳು ಬಲಿಯಬೇಕು. ಎರಡು ಮೂರು ತಿಂಗಳಾದ ಮೇಲೆ ಮಾಡಿಸಿ. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಗುಣವಾಗುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಕಾಣುವುದೇ ಇಲ್ಲವಾದ್ದರಿಂದ ನೀವಾಗಿ ಹೇಳದೆ ಯಾರಿಗೂ ಹೊಳೆಯುವುದಿಲ್ಲ.

ತಂಡದ ಮನನವನ್ನು ವಿಮಾನ ಹತ್ತುವ ಮುಂಚೆಯೇ ಮುಗಿಸಿ. ಮೊದಲು ಒಬ್ಬೊಬ್ಬರೇ ಅರ್ಧ ಗಂಟೆ ನೋಟ್‌ಬುಕ್ ಹಿಡಿದು ಕೂರಲಿ, ಆಮೇಲೆ ಗುಂಪು. ಮೊದಲೇ ಗುಂಪಾಗಿ ಕೂತರೆ ಮಾತಾಡುವವರೊಬ್ಬರು ಹೇಳಿದ್ದೇ ಎಲ್ಲರ ಅನುಭವವಾಗಿಬಿಡುತ್ತದೆ. ನಮಗೆ ದಿನಾ ಅಡುಗೆ ಮಾಡಿ ಹಾಕಿದವರ ಹೆಸರು ಗೊತ್ತೇ? ಅಲ್ಲಿಯವರೇ ಮಾಡಬಹುದಾಗಿದ್ದ ಯಾವ ಕೆಲಸವನ್ನು ನಾವು ಮಾಡಿಬಿಟ್ಟೆವು? ಅವರ ಪ್ರಾರ್ಥನೆಯಿಂದ ಏನು ಕಲಿತೆವು? ಈ ಮೂರಕ್ಕೆ ಉತ್ತರ ಬರೆದರೆ ಸಾಕು. ಕೊನೆಗೆ ಅಲ್ಲಿನ ಹಿರಿಯರನ್ನು ಕರೆದು ಕೂರಿಸಿ, ನಮ್ಮಿಂದ ಏನು ತೊಂದರೆಯಾಯಿತು ಅಂತ ಕೇಳಿ. ಅತಿಥಿಗಳ ಎದುರಿಗೆ ಅವರು ಬಾಯಿಬಿಡಲಿಕ್ಕಿಲ್ಲ, ಹಾಗಾಗಿ ಸಭಾಪಾಲಕರ ಮೂಲಕ ಕೇಳಿಸಿದರೆ ಒಳ್ಳೆಯದು.

ಬೆಂಗಳೂರಿನಲ್ಲಿ ಮುಂದಿನ ಭಾನುವಾರ ಆರಾಧನೆಯಲ್ಲಿ ಸಾಕ್ಷಿ, ಅಂದರೆ ಯಾತ್ರೆಯ ಅನುಭವ ಹೇಳಲು ಐದು ನಿಮಿಷ ಸಿಗುತ್ತದೆ. ಅಲ್ಲಿನ ಬಡತನ ವರ್ಣಿಸುವುದಕ್ಕೆ ಅದನ್ನು ಕಳೆಯಬೇಡಿ. ಅಲ್ಲಿನ ಸಭೆ ಏನು ಮಾಡುತ್ತಿದೆ, ಯಾರು ಮಾಡುತ್ತಿದ್ದಾರೆ, ಯಾವುದಕ್ಕೆ ಪ್ರಾರ್ಥಿಸಬೇಕು ಎಂಬುದನ್ನು ಹೇಳಿ. ಅಲ್ಲಿನ ಸಭಾಪಾಲಕರಿಂದ ಎರಡು ಸಾಲು ಸಂದೇಶ ತರಿಸಿ ಓದಿದರೆ ಇನ್ನೂ ಒಳ್ಳೆಯದು. ಆಮೇಲೆ ಆರು ತಿಂಗಳಿಗೊಮ್ಮೆ ಫೋನ್ ಮಾಡುವವರು ಯಾರು ಅಂತ ಅದೇ ವಾರ ಗೊತ್ತು ಮಾಡಿ, ಒಬ್ಬರ ಹೆಸರು ಬರೆದಿಡಿ. ಕೀನ್ಯಾದಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ನಮ್ಮಲ್ಲಿ ಹನ್ನೊಂದೂವರೆ. ಡಿಸ್ಪೆನ್ಸರಿಯಲ್ಲಿ ಬಿಪಿ ಮಾತ್ರೆ ಸಿಗುತ್ತಿದೆಯೇ, ಪಂಪಿನ ಸೀಲು ಬದಲಾಯಿಸಿದರೇ ಅಂತ ವಿಚಾರಿಸಿ, ಅವರು ನಮ್ಮ ಬಗ್ಗೆ ಕೇಳಿದ್ದಕ್ಕೂ ಉತ್ತರ ಹೇಳಿ.

ನಮಸ್ಕಾರ.