ಹೊಂಗೆ ನೆರಳಿನಲ್ಲಿ ಬಿಗೋನಿಯಾ

ಕೇಳುಗರೆಲ್ಲರಿಗೂ ನಮಸ್ಕಾರ.

ತುಮಕೂರಿನ ನಮ್ಮ ಮನೆ ಹಿತ್ತಲಲ್ಲಿ ಒಂದು ದೊಡ್ಡ ಹೊಂಗೆ ಮರ ಇದೆ. ಅದರ ನೆರಳಿಗೆ ಗುಲಾಬಿ ಇಟ್ಟೆ, ಸೇವಂತಿಗೆ ಇಟ್ಟೆ. ಎರಡೂ ಸೊರಗಿದವು. ಕೊನೆಗೆ ಆ ಜಾಗಕ್ಕೆ ಒಗ್ಗಿದ್ದು ಬಿಗೋನಿಯಾ ಎಂಬ ಅಲಂಕಾರದ ಗಿಡ. ಇದರ ಎಲೆಯನ್ನು ಸುಲಭವಾಗಿ ಗುರುತು ಹಿಡಿಯಬಹುದು. ನಡುವಿನ ನರದ ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕಿರಿದು.

ಇದರಲ್ಲಿ ಹಲವು ಜಾತಿಗಳಿವೆ. ಚೀನಾ ಕಡೆಯ ಬಿಗೋನಿಯಾ ಗ್ರಾಂಡಿಸ್ ಎಂಬ ಜಾತಿ ಕೊರೆಯುವ ಚಳಿಯನ್ನೂ ತಡೆಯುತ್ತದೆ. ಚಳಿಗಾಲಕ್ಕೆ ಮೇಲಿನ ಗಿಡವೆಲ್ಲ ಒಣಗಿ ಹೋಗುತ್ತದೆ, ಗೆಡ್ಡೆ ಮಾತ್ರ ಮಣ್ಣಲ್ಲಿ ಮಲಗಿರುತ್ತದೆ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಕಾಳಿನಷ್ಟು ಮರಿಗೆಡ್ಡೆಗಳು ಬಿಡುತ್ತವೆ. ಅವು ಉದುರಿದ ಕಡೆ ಮುಂದಿನ ವರ್ಷ ಹೊಸ ಗಿಡ! ಆದರೆ ನಮ್ಮೂರಲ್ಲಿ ಹಿಮ ಎಲ್ಲಿ ಬೀಳುತ್ತೆ? ನಮಗೆ ಏಪ್ರಿಲ್ ಸೆಕೆ ತಾಳುವ ಗಿಡ ಬೇಕು. ಹೊಸಬರು ಬೆತ್ತದ ಹಾಗೆ ಗಂಟು ಗಂಟು ಕಾಂಡ ಇರುವ ಜಾತಿಯಿಂದ ಶುರು ಮಾಡಿ. ಎರಡು ಮೂರು ಗಂಟಿರುವ ತುಂಡು ಊರಿದರೆ ಸಾಕು, ಬೇರು ಬಿಡುತ್ತದೆ.

ಬಣ್ಣದ ಎಲೆಯ ರೆಕ್ಸ್ ಜಾತಿಯ ಮೂಲ ನಮ್ಮ ಅಸ್ಸಾಂ ಕಡೆ. ಇದರ ಹೊಸ ಗಿಡ ಮಾಡಲು ಒಂದು ಎಲೆ ಇದ್ದರೂ ಆಯಿತು. ಬಲಿತ ಎಲೆ ಕಿತ್ತು ಮಗುಚಿ ಹಾಕಿ. ದಪ್ಪ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಕೊಯ್ಯಿರಿ. ಆಮೇಲೆ ಕೊಯ್ದ ಮಗ್ಗುಲು ಕೆಳಗೆ ಬರುವ ಹಾಗೆ ಒದ್ದೆ ತೆಂಗಿನ ನಾರಿನ ಪುಡಿ ಮೇಲೆ ಹಾಸಿ, ಸಣ್ಣ ಕಲ್ಲಿಟ್ಟು ಒತ್ತಿ. ನಮ್ಮ ಜಿಲ್ಲೆಯಲ್ಲಿ ತೆಂಗಿಗೇನು ಬರ, ಅಲ್ವಾ? ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ತೊಳೆದೇ ಬಳಸಿ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ. ಮೂರ್ನಾಲ್ಕು ವಾರಕ್ಕೆ ಬೇರು ಬರುತ್ತದೆ. ಎರಡು ತಿಂಗಳ ಹೊತ್ತಿಗೆ ಕೊಯ್ದ ಜಾಗದಲ್ಲೆಲ್ಲ ಉಗುರಿನಷ್ಟು ಮರಿ ಎಲೆಗಳು ಏಳುತ್ತವೆ. ಮೊದಲ ಸಲ ಅದನ್ನು ಕಂಡ ದಿನ ಮನೆಯವರನ್ನೆಲ್ಲ ಕೂಗಿ ತೋರಿಸಿದ್ದೆ.

ಈಗ ನೀರಿನ ಮಾತು. ಮೊದಲ ಬೇಸಿಗೆಯಲ್ಲಿ ಗಿಡ ಬಾಡಿದ್ದು ನೋಡಿ ಬೆಳಿಗ್ಗೆ ಸಂಜೆ ನೀರು ಸುರಿದೆ. ಒಂದು ವಾರಕ್ಕೆ ಕಾಂಡದ ಬುಡ ಬೆಂದ ಸೊಪ್ಪಿನ ಹಾಗೆ ಮೆತ್ತಗಾಯಿತು. ಮುಟ್ಟಿದರೆ ಗಿಡ ಕೈಗೇ ಬಂತು. ಬಹಳ ಸಂಕಟ ಆಯಿತು. ಈಗ ಬೆರಳು ಮಣ್ಣಿಗಿಟ್ಟು ನೋಡುತ್ತೇನೆ. ಒಂದು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ ನೀರು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಅದಕ್ಕೆ ಮಳೆನೀರು ಹಿಡಿದಿಟ್ಟುಕೊಳ್ಳಿ. ಎಲೆ ಮೇಲೆ ನೀರು ನಿಲ್ಲಬಾರದು, ಬೂದಿ ರೋಗ ಬಂದ ಎಲೆಯನ್ನು ಕೂಡಲೇ ಕಿತ್ತು ದೂರ ಹಾಕಿ.

ಮಣ್ಣು ಸಡಿಲವಾಗಿರಲಿ. ಕೆಮ್ಮಣ್ಣಿಗೆ ಮರದ ಕೆಳಗೆ ಕೊಳೆತ ಎಲೆಗೊಬ್ಬರ ಜಾಸ್ತಿ ಬೆರೆಸಿ. ಮರಿಗಾಗಿ ರೆಕ್ಸ್ ಎಲೆಯನ್ನು ಮಳೆ ಹಿಡಿದ ಮೇಲೆ ಹಾಸಿದರೆ ಒಳ್ಳೆಯದು, ಆಗ ಗಾಳಿ ತಂಪಾಗಿರುತ್ತದೆ. ಮರಿಗಳಿಗೆ ಮೂರು ನಾಲ್ಕು ಎಲೆ ಬರುವ ತನಕ ಕೀಳಬೇಡಿ. ನಮ್ಮ ಹೊಂಗೆ ಬುಡದಲ್ಲಿ ಈ ಸಲದ ಹನ್ನೊಂದು ಮರಿಗಳು ಇನ್ನೂ ತಾಯಿ ಎಲೆಗೇ ಅಂಟಿಕೊಂಡಿವೆ.

ನಮಸ್ಕಾರ.